ತಳಿಯ ಹೆಸರು ಹೇಳದವರ ಹತ್ತಿರ ಹೂಕೋಸಿನ ಸಸಿ ಕೊಳ್ಳಬೇಡಿ

ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ರಸ್ತೆ ಬದಿಯಲ್ಲಿ ಸಸಿ ಮಾರುವ ಪಿಕಪ್‌ಗಳು ಬಂದು ನಿಲ್ಲುತ್ತವೆ. ಹೂಕೋಸು, ಕ್ಯಾಬೇಜು, ಟೊಮೆಟೊ, ಕ್ಯಾರೆಟ್ಟು ಎಲ್ಲದರ ಸಸಿಯೂ ಇರುತ್ತದೆ. (ಕ್ಯಾರೆಟ್ಟನ್ನು ಕಿತ್ತು ನೆಟ್ಟರೆ ಗಡ್ಡೆ ಕವಲೊಡೆದು ಸೊಟ್ಟಗಾಗುತ್ತದೆ, ಅದನ್ನು ನೇರವಾಗಿ ಬೀಜ ಬಿತ್ತಿಯೇ ಬೆಳೆಸಬೇಕು. ಅದರ ಸಸಿಯನ್ನೂ ಮಾರುವವರು ಎಂಥವರು ಅಂತ ನೀವೇ ಲೆಕ್ಕ ಹಾಕಿ.) ಕಳೆದ ಸಲ ಅಂಥ ಒಂದು ಗಾಡಿಯಿಂದ ತಂದ ಹೂಕೋಸಿನ ಕಥೆ ಇದು. ಈ ವರ್ಷ ನೆಡಲು ಹೊರಟವರು ಓದಿ.

ಗಾಡಿಯವನ ಹತ್ತಿರ ನಾನು ಕೇಳಿದ್ದೇ ಇದು. ಯಾವ ತಳಿ? ನಮ್ಮ ಸೆಕೆಗೆ ಹೂ ಬಿಡುತ್ತದಾ?

“ಹೈಬ್ರಿಡ್ ಅಕ್ಕಾ. ಕೇರಳಕ್ಕೆ ಅಂತಲೇ ಮಾಡಿದ್ದು. ಎರಡು ತಿಂಗಳಲ್ಲಿ ತಟ್ಟೆಯಷ್ಟು ಹೂ ಬರದಿದ್ದರೆ ದುಡ್ಡು ವಾಪಸ್.”

ಬಿಲ್ ಇಲ್ಲ. ಟ್ರೇಯ ಮೇಲೆ ಒಂದು ಚೀಟಿಯೂ ಇಲ್ಲ. ಫೋನ್ ನಂಬರ್ ಮಾತ್ರ ಕೊಟ್ಟ, ಅದು ಈಗ ಚಾಲ್ತಿಯಲ್ಲಿಲ್ಲ.

ಹೆಚ್ಚಿನ ಗಿಡಗಳು ಮಾತ್ರ ಬಹಳ ಚೆನ್ನಾಗಿ ಬಂದವು. ಹಟ್ಟಿಗೊಬ್ಬರ, ಸುಡುಮಣ್ಣು, ಬೇವಿನ ಹಿಂಡಿ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಎಲೆಗಳು ಕೆಸುವಿನ ಹಾಗೆ ಹರಡಿದವು. ನೋಡಿದವರೆಲ್ಲ ಹೊಗಳಿದರು. ಡಿಸೆಂಬರ್ ಹೋಯಿತು, ಜನವರಿ ಹೋಯಿತು, ಆ ಎಲೆಗಳ ನಡುವಿನಲ್ಲಿ ಹೂವಿನ ಸುಳಿವಿಲ್ಲ. ಆಚೆ ಮನೆಯ ಬಾವ ಕೃಷಿಭವನದಿಂದ (ಪಂಚಾಯತಿನ ಕೃಷಿ ಕಚೇರಿ) ತಂದು ನೆಟ್ಟದ್ದು ಅಷ್ಟರಲ್ಲಿ ಕೊಯ್ದು, ಗೋಬಿ ಮಂಚೂರಿ ಮಾಡಿ, ನಮಗೂ ಕಳಿಸಿ ಆಗಿತ್ತು. ಅದೇ ಮಣ್ಣು, ಅದೇ ಬಾವಿ ನೀರು.

ಕಾರಣ ಗೊತ್ತಾದದ್ದು ಅದೇ ಗಾಡಿಯಿಂದ ಸಸಿ ತಂದಿದ್ದ ಮುಳ್ಳೇರಿಯದ ಗೆಳತಿಯಿಂದ. ಅವಳಿಗೆ ಸಿಕ್ಕ ಟ್ರೇಯ ಅಡಿಯಲ್ಲಿ ಬೀಜದ ಖಾಲಿ ಪ್ಯಾಕೆಟ್ ಅಂಟಿಕೊಂಡಿತ್ತು. ಅದರ ಮೇಲೆ ‘ಸ್ನೋಬಾಲ್’ ಅಂತ ಬರೆದಿತ್ತು.

ಇಲ್ಲಿ ಸ್ವಲ್ಪ ವಿವರ ಹೇಳಲೇಬೇಕು. ಹೂಕೋಸಿನಲ್ಲಿ ನಾವು ತಿನ್ನುವ ಬಿಳಿ ಗಡ್ಡೆ ಕಟ್ಟಬೇಕಾದರೆ ಆ ತಳಿಗೆ ಹೊಂದುವ ಹವೆ ಬೇಕು. ಬೇಗ ಬರುವ ತಳಿಗಳು 20ರಿಂದ 27 ಡಿಗ್ರಿಯಲ್ಲೂ ಗಡ್ಡೆ ಕಟ್ಟುತ್ತವೆ. ಸ್ನೋಬಾಲ್ ಗುಂಪಿನವು ತಡವಾಗಿ ಬರುವ ತಳಿಗಳು, ಅವಕ್ಕೆ 10ರಿಂದ 16 ಡಿಗ್ರಿಯ ಚಳಿ ಬೇಕು. ಪೂಸಾ ಸ್ನೋಬಾಲ್ ಕೆ-1 ಎಂಬುದನ್ನು ಬೆಳೆಸಿ ಆರಿಸಿದ್ದೇ ಹಿಮಾಚಲದ ಕುಲು ಕಣಿವೆಯ ಕಟ್ರಾಯಿಯಲ್ಲಿ. ನಮ್ಮ ಕಾಸರಗೋಡಿನಲ್ಲಿ ಧನು ತಿಂಗಳ ಬೆಳಗ್ಗೆ ಎಷ್ಟೇ ಮಂಜು ಬಿದ್ದರೂ ಹಗಲು 30 ಡಿಗ್ರಿ ದಾಟುತ್ತದೆ, ರಾತ್ರಿ 20ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದರೆ ಬೇಗ ಬರುವ ತಳಿಗೇ ಇಲ್ಲಿ ಕಷ್ಟದಿಂದ ಸಾಕಾಗುವ ತಂಪು. ಸ್ನೋಬಾಲ್ ಇಲ್ಲಿ ಎಲೆ ಬಿಡುತ್ತಲೇ ಇರುತ್ತದೆ. ನೀವು ಏನು ಹಾಕಿದರೂ ಅಷ್ಟೇ.

ಆದರೆ ಗಾಡಿಯವನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಜನವರಿಯಲ್ಲಿ ಅವನು ಮತ್ತೆ ಪೇಟೆಗೆ ಬಂದಾಗ ಹೂವೇ ಬಂದಿಲ್ಲವಲ್ಲ ಅಂದೆ. ದುಡ್ಡು ವಾಪಸ್ ಮಾತು ಮರೆತೇ ಹೋಗಿತ್ತು. ಬದಲಿಗೆ ‘ಹೂ ಬರಿಸುವ ಟಾನಿಕ್’ ಅಂತ ಒಂದು ಬಾಟಲಿ ಮುಂದೆ ಹಿಡಿದ. ಜೊತೆಗೆ ಹುಳಕ್ಕೆ ಅಂತ ಇನ್ನೊಂದು, ಹಳೇ ನೀರಿನ ಬಾಟಲಿಯಲ್ಲಿ ತುಂಬಿಸಿದ ಕಂದು ಬಣ್ಣದ ದ್ರವ. ಲೇಬಲ್ ಇಲ್ಲ. ಹೆಸರು ಕೇಳಿದರೆ “ಎಲ್ಲದಕ್ಕೂ ಆಗುತ್ತದೆ ಅಕ್ಕಾ” ಅಂದ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ಇಡೀ ದೇಶದಲ್ಲಿ ತಡೆದದ್ದು 2011ರಲ್ಲಿ. ಎಣ್ಮಕಜೆಯಂಥ ಊರುಗಳ ಮನೆಗಳಲ್ಲಿ ಇವತ್ತಿಗೂ ಅದರ ನೋವು ಮುಗಿದಿಲ್ಲ. ಅಂಥಾ ಕಡೆ ಬಂದು, ಮನೆಯ ಮಕ್ಕಳು ತಿನ್ನುವ ತರಕಾರಿಗೆ ಹೆಸರಿಲ್ಲದ ವಿಷ ಹೊಡಿ ಅಂತಾನಲ್ಲ! ಕೀಟನಾಶಕದ ಬಾಟಲಿಯ ಮೇಲೆ ಔಷಧದ ಹೆಸರು, ನೋಂದಣಿ ನಂಬರ್, ಅವಧಿ, ವಿಷದ ತೀವ್ರತೆ ತೋರಿಸುವ ಬಣ್ಣದ ಗುರುತು ಇರಲೇಬೇಕು. ಅದು 1968ರ ಕಾಯಿದೆಯ ಕಾಲದಿಂದಲೂ ಇರುವ ಕ್ರಮ. ಕೆಂಪು ಗುರುತು ಇದ್ದರೆ ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಲೇಬಲ್ ಇಲ್ಲದ ಬಾಟಲಿಯನ್ನು ಯಾರು ಕೊಟ್ಟರೂ ಮನೆಗೆ ತರಬೇಡಿ.

ಹುಳಕ್ಕೆ ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಮನೆ ಹಿತ್ತಿಲಿನ ನಾಲ್ಕು ಸಾಲಿಗೆ ಬೆಳಗ್ಗೆ ಎಲೆ ಮಗುಚಿ ನೋಡಿದರೆ ಸಾಕು. ಮೊಟ್ಟೆ ಗುಂಪು ಕಂಡರೆ ಎಲೆ ಸಮೇತ ಕಿತ್ತು ಹಾಕಿ. ಮುಟ್ಟಿದರೆ ನೂಲು ಹಿಡಿದು ಕೆಳಗೆ ಜಾರುವ ಸಣ್ಣ ಹಸಿರು ಹುಳಕ್ಕೆ ಬೇವಿನ ಬೀಜದ ಕಷಾಯ ನಡೆಯುತ್ತದೆ. ಸಾಲಿನ ಅಂಚಿಗೆ ಸಾಸಿವೆ ಬಿತ್ತಿದರೆ ಆ ಹುಳದ ಪತಂಗ ಅಲ್ಲೇ ಜಾಸ್ತಿ ಮೊಟ್ಟೆ ಇಡುತ್ತದೆ.

ಟಾನಿಕ್ಕಿನ ಬಗ್ಗೆ ಕೃಷಿಭವನದ ಆಫೀಸರ್ ಹತ್ತಿರ ಕೇಳಿದೆ. ಅವರು ನಕ್ಕರು. ಚಳಿಯನ್ನು ಬಾಟಲಿಯಲ್ಲಿ ತುಂಬಿಸಲಿಕ್ಕೆ ಆಗುವುದಿಲ್ಲ ಅಂದರು. ನನ್ನ ಗಿಡಗಳನ್ನು ಬಂದು ನೋಡಿದಾಗ ಇನ್ನೊಂದು ಮೋಸವೂ ಹೊರಗೆ ಬಿತ್ತು. ಅದೇ ಟ್ರೇಯಲ್ಲಿ ಬೇರೆ ತಳಿಯೂ ಬೆರೆತಿತ್ತು. ಕೆಲವು ಗಿಡಗಳು ಗೇಣುದ್ದ ಇರುವಾಗಲೇ ಹೆಬ್ಬೆರಳ ಗಾತ್ರದ ಹೂ ಕಟ್ಟಿ ಅಲ್ಲಿಗೇ ನಿಂತಿದ್ದವು. ಇವು ಬೇಗ ಬರುವ ತಳಿಯವೇ, ಆದರೆ ಟ್ರೇಯಲ್ಲೇ ಮುದಿಯಾದ ಸಸಿಗಳು. ಹೂಕೋಸಿನ ಸಸಿಯನ್ನು 25–30 ದಿನದೊಳಗೆ, ನಾಲ್ಕೈದು ಎಲೆ ಇರುವಾಗ ನೆಡಬೇಕು. ಮಾರಾಟವಾಗದೆ ವಾರಗಟ್ಟಲೆ ಊರೂರು ಸುತ್ತಿದ ಸಸಿ ಹೊಟ್ಟೆಗಿಲ್ಲದೆ ಒಣಗಿ, ಬೆಳೆಯುವ ಮೊದಲೇ ಹೂ ಬಿಡುತ್ತದೆ. ಅದನ್ನು ಗುರುತಿಸುವುದು ಸುಲಭ. ಕಾಂಡ ಗಟ್ಟಿ ಕಡ್ಡಿಯಾಗಿರುತ್ತದೆ, ನೇರಳೆ ಛಾಯೆ ಇರುತ್ತದೆ, ಕೆಳಗಿನ ಎಲೆ ಹಳದಿ. ಟ್ರೇಯಿಂದ ಎಬ್ಬಿಸಿದರೆ ಬೇರು ಸುತ್ತಿ ಸುತ್ತಿ ಗಂಟಾಗಿರುತ್ತದೆ. ಒಂದನ್ನು ಎಬ್ಬಿಸಿ ತೋರಿಸು ಅಂತ ಕೇಳಿ. ತೋರಿಸದಿದ್ದರೆ ಮುಂದೆ ನಡೆಯಿರಿ.

ಸರಿಯಾದ ಸಸಿ ಸಿಕ್ಕರೂ ನಮ್ಮ ಮುರಮಣ್ಣು ಹುಳಿ ಎಂಬುದು ನೆನಪಿರಲಿ. ಹುಳಿ ಜಾಸ್ತಿಯಾದರೆ ಮಾಲಿಬ್ಡಿನಮ್ ಎಂಬ ಪೋಷಕಾಂಶ ಗಿಡಕ್ಕೆ ಸಿಗುವುದಿಲ್ಲ. ಆಗ ಎಲೆಯ ಅಗಲ ಕುಗ್ಗಿ ನಡುವಿನ ದಂಟು ಮಾತ್ರ ಉಳಿಯುತ್ತದೆ. ನೆಡುವ ಎರಡು ವಾರ ಮೊದಲು ಸುಣ್ಣ ಸೇರಿಸಿ, ಅಡಿಕೆಗೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಮನೆಯಲ್ಲಿ ಅದಕ್ಕೇನು ಬರವಿಲ್ಲ. ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಹಾಕಬೇಡಿ. ದಂಟು ಒಳಗೆ ಟೊಳ್ಳಾಗಿ ಹೂ ಕಂದಾದರೆ ಅದು ಬೋರಾನ್ ಎಂಬ ಇನ್ನೊಂದು ಪೋಷಕಾಂಶದ ಕೊರತೆ. ಅದಕ್ಕೆ ಬೋರಾಕ್ಸ್ (ಬೋರಾನ್ ಇರುವ ಲವಣ) ಹಾಕುವುದಾದರೆ ಒಂದು ಚದರ ಮೀಟರಿಗೆ 2 ಗ್ರಾಂ ಮೀರಬೇಡಿ, ಜಾಸ್ತಿಯಾದರೆ ಗಿಡ ಸುಡುತ್ತದೆ.

ಬಾವ ನೆಟ್ಟದ್ದು ಪೂಸಾ ಮೇಘನಾ. ಕೇರಳದ ಬಯಲಿಗೆ ಕೃಷಿ ವಿಶ್ವವಿದ್ಯಾಲಯದವರು ಹೇಳುವ ತಳಿಗಳಲ್ಲಿ ಅದೂ ಒಂದು. ಪೇಟೆಯಲ್ಲಿ ಸಿಗುವ ಊಟಿ ಹೂಕೋಸಿನ ಗಾತ್ರ ಬರುವುದಿಲ್ಲ, ಚಿಕ್ಕದೇ. ಯಾರಾದರೂ ನಮ್ಮೂರಿನಲ್ಲಿ ತಟ್ಟೆಯಷ್ಟು ಹೂ ಬರುತ್ತದೆ ಅಂದರೆ ಅಲ್ಲೇ ತಿಳಿದುಕೊಳ್ಳಿ. ಸಸಿಗೆ ಸೆಪ್ಟೆಂಬರಿನಲ್ಲೇ ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ, ಬಂದ ಕೂಡಲೇ ಮುಗಿದುಹೋಗುತ್ತದೆ. ಬೀಜ ಕೊಂಡು ನೀವೇ ಸಸಿ ಮಾಡುವುದಾದರೆ ಪ್ಯಾಕೆಟ್ಟಿನ ಮೇಲೆ ತಳಿಯ ಹೆಸರು, ಪರೀಕ್ಷೆ ಮಾಡಿದ ತಾರೀಕು, ಅವಧಿ ನೋಡಿ ತೆಗೆದುಕೊಳ್ಳಿ, ಬಿಲ್ ಇಟ್ಟುಕೊಳ್ಳಿ.

ನನ್ನ ಗಿಡಗಳ ಎಳೆ ಎಲೆ ಪಲ್ಯಕ್ಕಾಯಿತು, ಅದು ಚೆನ್ನಾಗಿಯೇ ಇತ್ತು. ಬಲಿತದ್ದನ್ನು ಹಟ್ಟಿಗೆ ಹಾಕಿದೆ. ಹಸುವಿಗೂ ಒಮ್ಮೆಗೇ ಜಾಸ್ತಿ ಕೊಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ.