ಅಕ್ಕನ ಮಗಳ ಮುಂದೆ ಮೂರು ಪುಸ್ತಕ

ದಸರಾ ರಜೆಗೆ ಅಕ್ಕನ ಮಗಳು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಂದಿದ್ದಳು. ಒಂಬತ್ತನೇ ಕ್ಲಾಸು. ಕೈಯಲ್ಲಿ ಮೊಬೈಲ್, ಅದು ಬಿಟ್ಟರೆ ಇಂಗ್ಲಿಷಿನ ಮಾಟ-ಮಂತ್ರದ ಕಥೆಗಳು. ಈ ಸಲ ಕನ್ನಡದಲ್ಲಿ ಒಂದಾದರೂ ಐತಿಹಾಸಿಕ ಕಾದಂಬರಿ ಓದಿಸಿಯೇ ಕಳಿಸಬೇಕು ಅಂತ ನನಗೆ ಹಟ. ಮಕ್ಕಳಿಗೆಂದೇ ಬರೆದ ಓಬವ್ವನ ತೆಳು ಪುಸ್ತಕ (ಹೆಸರು ಬೇಡ ಬಿಡಿ), ಮಾಸ್ತಿಯವರ ‘ಚಿಕವೀರರಾಜೇಂದ್ರ’, ನಮ್ಮ ತ.ರಾ.ಸು. ಅವರ ‘ದುರ್ಗಾಸ್ತಮಾನ’, ಮೂರನ್ನೂ ಮಂಚದ ಪಕ್ಕ ಇಟ್ಟೆ.

ತೆಳು ಪುಸ್ತಕ ಅರ್ಧ ಗಂಟೆಗೆ ಮುಗಿಯಿತು. ಹೇಗಿತ್ತು ಅಂದೆ. “ಚೆನ್ನಾಗಿತ್ತು.” ಅಷ್ಟೇ. ಸ್ಕೂಲಲ್ಲಿ ಭಾಷಣ ಕೇಳಿ ಬಂದವಳ ಮುಖ. ತಪ್ಪು ಅವಳದಲ್ಲ. ಅದರಲ್ಲಿ ಓಬವ್ವ ಬಾಯಿ ತೆರೆದರೆ ನಾಡು, ತ್ಯಾಗ, ಕೀರ್ತಿ. ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರೋಕೆ ಅಂತ ಬಂದ ಹೆಂಗಸು ಅವಳು, ಅಂಥವಳಿಗೆ ಆ ಹೊತ್ತಲ್ಲಿ ಕೈಕಾಲು ನಡುಗಲಿಲ್ವಾ?

ಮರುದಿನ ಬೆಳಿಗ್ಗೆ ಕೋಟೆಗೆ ಕರೆದುಕೊಂಡು ಹೋದೆ. ತಣ್ಣೀರು ದೋಣಿ ನೋಡಿ, ಓಬವ್ವನ ಕಿಂಡಿ ಹತ್ತಿರ ಬಂದಾಗ ಹುಡುಗಿ ಸುಮ್ನೆ ನಿಲ್ಲಲಿಲ್ಲ, ಬಗ್ಗಿ ತೂರಿ, ಮೊಣಕೈ ತರಚಿಕೊಂಡು ಆಚೆ ಬಂದಳು. ಬಂದವಳೇ ಕೇಳಿದಳು: “ಚಿಕ್ಕಮ್ಮ, ಮೊದಲನೆಯವನು ಬಿದ್ದದ್ದು ಹಿಂದಿನವನಿಗೆ ಕಾಣಲ್ವಾ?” ಹೆಣ ಎಳೆದು ಪಕ್ಕಕ್ಕೆ ಹಾಕುತ್ತಿದ್ದಳಂತೆ ಅಂದೆ. “ಒಬ್ಬಳೇನಾ? ಪ್ರತಿ ಸಲಾನಾ? ಎಷ್ಟು ಭಾರ ಇರುತ್ತೆ!” ನೋಡಿ, ಕಥೆ ಇರೋದೇ ಇಲ್ಲಿ. ತೆಳು ಪುಸ್ತಕದಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ಸಾಲು.

‘ಚಿಕವೀರರಾಜೇಂದ್ರ’ ಜ್ಞಾನಪೀಠ ಬಂದ ಲೇಖಕರ ಪುಸ್ತಕ ಅಂತ ನಾನು ಹೇಳಿದ್ದೇ ತಪ್ಪಾಯಿತು, “ಪರೀಕ್ಷೆಗೆ ಬರುತ್ತಾ?” ಅಂದಳು. ಆದರೆ ಓದೋಕೆ ಮೂರರಲ್ಲಿ ಇದೇ ಸಲೀಸು. ಮಾಸ್ತಿಯವರ ಕನ್ನಡ ಜಗುಲಿಯಲ್ಲಿ ಕೂತ ಅಜ್ಜ ಮಾತಾಡಿದ ಹಾಗೆ. ಕೊಡಗಿನ ಕೊನೆಯ ರಾಜನ ಕಥೆ, 1834ರಲ್ಲಿ ಇಂಗ್ಲಿಷರು ರಾಜ್ಯ ಕಿತ್ತುಕೊಂಡರಲ್ಲ, ಅದು. ಅವಳಿಗೆ ಹಿಡಿಸಿದ್ದು ಏನು ಗೊತ್ತಾ? ರಾಜನೇ ಕೆಟ್ಟವನು! “ಹೀರೋನೇ ಇಲ್ವಲ್ಲ ಚಿಕ್ಕಮ್ಮ” ಅಂತ ಖುಷಿಯಿಂದ ಹೇಳಿದಳು. ಮಂತ್ರಿಗಳ ಸಮಾಲೋಚನೆ ಬಂದ ಕಡೆ ಮಾತ್ರ ಪುಟ ಹಾರಿಸಿದ್ದು ಕಂಡೆ. ಕುಡಿತ, ಹೆಂಗಸರ ಚಟ, ಕ್ರೌರ್ಯ ಎಲ್ಲ ಇದೆ, ಹಾಗಾಗಿ ಕೊಡೋ ಮುಂಚೆ ದೊಡ್ಡವರು ಒಮ್ಮೆ ಓದಿಕೊಳ್ಳಿ.

‘ದುರ್ಗಾಸ್ತಮಾನ’ಕ್ಕೆ ಎರಡು ಸಲ ಪ್ರಯತ್ನ ಬೇಕಾಯಿತು. ಕೋಟೆಗೆ ಹೋಗೋ ಮುಂಚೆ ಹತ್ತು ಪುಟಕ್ಕೇ ಕೈಬಿಟ್ಟಿದ್ದಳು. ಇಟ್ಟಿಗೆ ದಪ್ಪದ ಪುಸ್ತಕ, ದಳವಾಯಿ-ಪ್ರಧಾನಿ ಅಂತ ಮೈತುಂಬ ಬಿರುದು, ಗಂಭೀರ ಕನ್ನಡ. ಯಾರು ಯಾರ ಕಡೆ ಅಂತಲೇ ಗೊತ್ತಾಗಲಿಲ್ಲವಂತೆ. ಕೋಟೆಯಿಂದ ಬಂದ ಮೇಲೆ ಮೊದಲ ಎರಡು ಅಧ್ಯಾಯ ನಾನೇ ಗಟ್ಟಿಯಾಗಿ ಓದಿದೆ, ಯಾರ್ಯಾರು ಏನು ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಆಮೇಲೆ ನನ್ನ ಅಗತ್ಯ ಬೀಳಲಿಲ್ಲ. ಮಹಡಿ ಮೇಲೆ ಕೂತು ಓದೋಳು, ಮಧ್ಯೆ ಎದ್ದು ಬೆಟ್ಟದ ಕಡೆ ನೋಡಿ “ಇದು ಆ ಕಡೆ ಬಾಗಿಲಾ?” ಅನ್ನೋಳು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು ಅಂತ ಪಾಠದಲ್ಲಿ ಓದಿದ್ದಾಳೆ, ಮುಗಿಯೋದು ಹೇಗೆ ಅಂತ ಹೆಸರಲ್ಲೇ ಇದೆ. ಆದರೂ ನಾಯಕ ಗೆಲ್ಲಲಿ ಅಂತ ಕಾಯುತ್ತಿದ್ದಳು. ಮಿರ್ಚಿ ತಿಂದ ಕೈಯಲ್ಲೇ ಪುಟ ತಿರುಗಿಸಿ ಎಣ್ಣೆ ಕಲೆ ಮಾಡಿದ್ದಾಳೆ, ನಾನು ಬೈಯಲಿಲ್ಲ.

ಹಾಗಾದರೆ ಯಾವುದು ಕೊಡೋದು? ಕೋಟೆ ತೋರಿಸೋಕೆ ಆಗುತ್ತೆ ಅಂದರೆ ‘ದುರ್ಗಾಸ್ತಮಾನ’, ಅನುಮಾನವೇ ಬೇಡ. ಆಗಲ್ಲ ಅಂದರೆ ಮಾಸ್ತಿ. ತೆಳು ಪುಸ್ತಕ ಐದನೇ ಕ್ಲಾಸಿನ ಮಕ್ಕಳಿಗೆ ಸರಿ, ಹೈಸ್ಕೂಲಿಗೆ ಬಂದವರಿಗೆ ಕೊಟ್ಟರೆ ಇತಿಹಾಸ ಅಂದರೆ ಇಷ್ಟೇ ಅಂದುಕೊಳ್ಳುತ್ತಾರೆ. ನಾನು ಮಾಡಿದ ಒಂದು ತಪ್ಪು ಅಂದರೆ ತ.ರಾ.ಸು. ಅವರದೇ ‘ಕಂಬನಿಯ ಕುಯಿಲು’ ಮೊದಲು ಕೊಡಲಿಲ್ಲ. ಅದೂ ದುರ್ಗದ ನಾಯಕರ ಕಾಲದ್ದೇ, ಅರಮನೆಯ ಒಳಸಂಚು ಜಾಸ್ತಿ, ಗಾತ್ರವೂ ಕಡಿಮೆ. ಹಿಂದೆಯೇ ‘ರಕ್ತರಾತ್ರಿ’, ‘ತಿರುಗುಬಾಣ’ ಬರುತ್ತವೆ. ಆ ಹೆಸರು ಕೇಳಿದರೆ ಸಾಕು, ಹುಡುಗರು ತಾವೇ ಎತ್ತಿಕೊಳ್ಳುತ್ತಾರೆ.

ಹೊರಡೋ ದಿನ ಇನ್ನೂ ಇನ್ನೂರು ಪುಟ ಬಾಕಿ ಇತ್ತು. ಬ್ಯಾಗಿಗೆ ಹಾಕಿಕೊಂಡೇ ಬಸ್ ಹತ್ತಿದಳು. ನನ್ನ ಪುಸ್ತಕ ಈಗಲೂ ದಾವಣಗೆರೆಯಲ್ಲೇ ಇದೆ, ಕೇಳಿದರೆ “ಅಮ್ಮ ಓದ್ತಿದ್ದಾಳೆ” ಅಂತಾಳೆ.