ಕ್ಯಾಟ್ 6 ಕೇಬಲ್, ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ರೂಟರ್ ಕೆಳಗೆ, ನನ್ನ ಆಫೀಸ್ ಕೆಲಸ ಮಹಡಿ ಮೇಲೆ. ಮಧ್ಯದ ಮೋಲ್ಡ್ ದಾಟುವಷ್ಟರಲ್ಲಿ ವೈಫೈಗೆ ಸುಸ್ತಾಗುತ್ತಿತ್ತು. ಮೀಟಿಂಗ್ ನಡುವೆ ಮೂರು ಸಲ ಕಟ್ ಆದ ದಿನ ತಾಳ್ಮೆ ಹೋಯಿತು. ಕ್ಯಾಟ್ 6 ಅನ್ನುವ ದರ್ಜೆಯ ನೆಟ್‌ವರ್ಕ್ ಕೇಬಲ್ ಎಳೆಸಿಯೇಬಿಟ್ಟೆ.

ಅಂಗಡಿಯವರು ಮೊದಲು ಕೊಟ್ಟಿದ್ದು ಅಗ್ಗದ ಮಾಲು. ಮೇಲೇನೋ ಕ್ಯಾಟ್ 6 ಅಂತಲೇ ಅಚ್ಚಾಗಿತ್ತು. ಒಳಗಿನ ತಂತಿಯನ್ನು ಬ್ಲೇಡಿನಲ್ಲಿ ಕೆರೆದರೆ ತಾಮ್ರದ ಲೇಪದಡಿ ಬೆಳ್ಳಗಿನ ಅಲ್ಯೂಮಿನಿಯಂ! ಇದಕ್ಕೆ ಸಿಸಿಎ ಅಂತಾರೆ. ನಾಲ್ಕು ಸಲ ಬಗ್ಗಿಸಿದರೆ ಲಟಕ್. ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಪಿಒಇ ಕ್ಯಾಮೆರಾ ಹಾಕುವವರಿಗಂತೂ ಬೇಡವೇ ಬೇಡ, ತಂತಿ ಬಿಸಿಯಾಗುತ್ತದೆ. ವಾಪಸ್ ಕೊಟ್ಟು ಪೂರ್ತಿ ತಾಮ್ರದ್ದು ತಂದೆ.

ಮೂರು ವರ್ಷ ಅದರ ನೆನಪೇ ಬರಲಿಲ್ಲ. ಆಮೇಲೆ ಒಂದು ದಿನ 300 ಎಂಬಿಪಿಎಸ್ ಬರುತ್ತಿದ್ದದ್ದು 95ಕ್ಕೆ ಇಳಿದು ಅಲ್ಲೇ ಕೂತಿತು. ರೂಟರ್ ಬದಲಿಸಿ ಎಂದರು ಗೊತ್ತಿದ್ದವರೆಲ್ಲ. ನಾನು ಕೇಬಲ್‌ಗೆ ಲ್ಯಾನ್ ಟೆಸ್ಟರ್ ಹಾಕಿದೆ, ಒಳಗಿನ ಒಂದೊಂದು ತಂತಿಯನ್ನೂ ಪರೀಕ್ಷಿಸುವ ಸಾಧನ ಅದು. ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಮಿನುಗಬೇಕು. ಏಳನೆಯದು ಹತ್ತಲಿಲ್ಲ, ಅಂದರೆ ಕಂದು-ಬಿಳಿ ತಂತಿ ಕಡಿದಿದೆ. ಕೇಬಲ್‌ನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಬೇಕು. ಕಂದಿನಂತೆ 100ಕ್ಕೆ ಬೇಡದ ಜೋಡಿ ಕೈಕೊಟ್ಟರೆ ಸಾಮಾನ್ಯವಾಗಿ ನೆಟ್ ನಿಲ್ಲುವುದಿಲ್ಲ, ಸುಮ್ನೆ ಕೆಳಗಿನ ವೇಗಕ್ಕೆ ಇಳಿಯುತ್ತದೆ. ಅದಕ್ಕೇ ಯಾರಿಗೂ ಹೊಳೆಯಲಿಲ್ಲ.

ತಪ್ಪು ನನ್ನದೇ. ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸಿದ್ದು, ಅಂದರೆ ಕ್ರಿಂಪ್ ಮಾಡಿದ್ದು, ನಾನು. ಹೊರಗಿನ ಸಿಪ್ಪೆ ಆರ್‌ಜೆ45 ಕನೆಕ್ಟರ್ ಅನ್ನುವ ಆ ಪ್ಲಗ್ ಒಳಗೆ ಹೋಗಿರಲಿಲ್ಲ, ಕೇಬಲ್‌ನ ಭಾರವೆಲ್ಲ ಕೂದಲೆಳೆಯಂಥ ತಂತಿಗಳ ಮೇಲೆ ಬಿದ್ದಿತ್ತು. ತುದಿ ಕತ್ತರಿಸಿ ಮತ್ತೆ ಜೋಡಿಸಿದೆ: ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಇದು ಟಿ568ಬಿ ಕ್ರಮ. ಹಸಿರಿನ ಜೋಡಿಯ ನಡುವೆ ನೀಲಿ ಯಾಕೆ ತೂರುತ್ತದೋ ಅಂತ ಕೈ ಪ್ರತಿ ಸಲ ತಡವರಿಸುತ್ತದೆ.

ನಿಜ ಹೇಳಬೇಕೆಂದರೆ ನನ್ನ ಬಳಕೆಗೆ ಇದಕ್ಕಿಂತ ಕೆಳಗಿನ ದರ್ಜೆಯ ಕ್ಯಾಟ್ 5ಇ ಸಾಕಿತ್ತು. ಅದೂ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್ 6ರಲ್ಲಿ ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ಹೋಗುತ್ತದೆ, ಆದರೆ ಕೇಬಲ್‌ಗಳನ್ನು ಕೂಡಿಸುವ ನನ್ನ ನೆಟ್‌ವರ್ಕ್ ಸ್ವಿಚ್ಚೇ ಒಂದು ಗಿಗಾಬಿಟ್‌ದು! ಮತ್ತೆ ಗೋಡೆ ಒಡೆಸುವ ಭಯಕ್ಕೆ ಇದನ್ನು ಹಾಕಿಸಿದೆ, ಅಷ್ಟೇ.

ಐದಕ್ಕೆ ನಾಲ್ಕು ಸ್ಟಾರ್. ಜೋಡಿಗಳ ನಡುವೆ ಪ್ಲಾಸ್ಟಿಕ್ ಕಡ್ಡಿ ಇರುವುದರಿಂದ ಕೇಬಲ್ ಬಿರುಸು. ಪೈಪಿನ ಎರಡನೇ ತಿರುವಿನಲ್ಲಿ ಎಲೆಕ್ಟ್ರಿಷಿಯನ್ ನನ್ನನ್ನೂ ಕರೆದು ಎಳೆಸಿದರು.