ಬೀಚ್ ಊರಲ್ಲಿ ಲೋಕಲ್ ಬಿಯರ್: ಡ್ರಾಫ್ಟಾ, ಬಾಟಲಿಯಾ, ಕ್ಯಾನಾ?

ಬ್ಯಾಗ್ ಹೊತ್ತುಕೊಂಡು ಬಂದಿದ್ದೀರಿ, ಇರುವುದು ಒಂದೇ ರಾತ್ರಿ. ಹಾಗಾದರೆ ಮೊದಲು ಡ್ರಾಫ್ಟ್ ಕೇಳಿ, ಅಂದರೆ ನಲ್ಲಿಯಿಂದ ಗ್ಲಾಸಿಗೆ ಹಿಡಿದು ಕೊಡುವ ಬಿಯರ್. ಜನ ಜಾಸ್ತಿ ಇರುವ ಜಾಗದಲ್ಲಿ ಕೆಗ್ (ಬಿಯರ್ ಪೀಪಾಯಿ) ಬೇಗ ಖಾಲಿಯಾಗುತ್ತದೆ, ಬಿಯರ್ ತಾಜಾ ಇರುತ್ತದೆ. ಪೈಪ್ ಸರಿಯಾಗಿ ತೊಳೆಯದ ಕಡೆ ಮಾತ್ರ ಮೊದಲ ಗುಟುಕಿಗೇ ಹುಳಿ ಅಥವಾ ಬೆಣ್ಣೆ ವಾಸನೆ ಗೊತ್ತಾಗುತ್ತದೆ, ಅದಕ್ಕೇ ಸಣ್ಣ ಗ್ಲಾಸಲ್ಲಿ ರುಚಿ ನೋಡಿ ಆಮೇಲೆ ದೊಡ್ಡದು ಹೇಳಿ.

ಬಾಟಲಿ ನೋಡೋಕೆ ಚಂದ, ಬಿಸಿಲಿಗೆ ಆಗಿಬರುವುದಿಲ್ಲ. ನಾನೊಮ್ಮೆ ಹಸಿರು ಬಾಟಲಿಯನ್ನು ಮರಳಲ್ಲಿ ನೆಟ್ಟು ಈಜೋಕೆ ಹೋದೆ. ಬಂದು ಮೂಗಿಗೆ ಹಿಡಿದರೆ ಸುಟ್ಟ ರಬ್ಬರ್ ಥರ ನಾತ! ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ವಾಸನೆ ಹುಟ್ಟುತ್ತದೆ. ಹಸಿರು ಗಾಜು, ಬಣ್ಣವಿಲ್ಲದ ಗಾಜು ಅದನ್ನು ತಡೆಯುವುದೇ ಕಡಿಮೆ. ಕಂದು ಗಾಜು ಪರವಾಗಿಲ್ಲ.

ಕ್ಯಾನ್‌ಗೆ ಬೆಳಕಿನ ಕಾಟವೇ ಇಲ್ಲ. ಹಗುರ, ಬೇಗ ತಣ್ಣಗಾಗುತ್ತದೆ (ಅಷ್ಟೇ ಬೇಗ ಬಿಸಿಯೂ ಆಗುತ್ತದೆ ಅನ್ನಿ), ಖಾಲಿಯಾದರೆ ಚಪ್ಪಟೆ ಮಾಡಿ ಬ್ಯಾಗಿಗೆ ಹಾಕಿಕೊಳ್ಳಬಹುದು, ಬರಿಗಾಲಿಗೆ ಗಾಜು ಚುಚ್ಚುವ ಭಯವಿಲ್ಲ.

ನನ್ನ ಲೆಕ್ಕ: ಮರಳ ಮೇಲೆ ಕೂರೋದಾದರೆ ಕ್ಯಾನ್, ಸಂಜೆ ಒಳಗೆ ಕೂತರೆ ಡ್ರಾಫ್ಟ್. ಮಧ್ಯಾಹ್ನ 4-5% ಆಲ್ಕೋಹಾಲ್ ಇರುವ ಲಾಗರ್ ಬಿಯರ್ ಸಾಕು. 8% ಸ್ಟ್ರಾಂಗ್ ಕುಡಿದು ಸಮುದ್ರಕ್ಕಂತೂ ಇಳಿಯಬೇಡಿ ಮಾರಾಯ್ರೆ.